ಬೀಗದ ಗುರುತು

ಬುಧವಾರ ನನ್ನ ಪಾಳಿ.
ಹಲ್ ಊರಿನ ಹಳೇ ಹಡಗುಕಟ್ಟೆಯ ಹಿಂದಿನ ಚರ್ಚಿನಲ್ಲಿ
ಹಿತ್ತಾಳೆ ಬೆಳಗಿ, ಮೇಣದ ಹನಿ ಕೆರೆದು,
ಕೊನೆಗೆ ಬಾಗಿಲ ಬಳಿಯ ಕಲ್ಲುತೊಟ್ಟಿಗೆ ಬರುತ್ತೇನೆ.
ಎಂಟು ಮೂಲೆ, ಏಳುನೂರು ವರ್ಷ.
ಅಂಚಿನಲ್ಲಿ ಎರಡು ತೂತು. ಅಲ್ಲಿಂದ ಇಳಿದ ತುಕ್ಕಿನ ಕಲೆ
ಎಷ್ಟು ಉಜ್ಜಿದರೂ ಹೋಗುವುದಿಲ್ಲ.

"ಅದು ಬೀಗದ್ದು" ಅಂದರು ಪಾದ್ರಿ ಹಿಲರಿಯಮ್ಮ.
"ಆ ಕಾಲಕ್ಕೆ ನೀರು ಕದಿಯುತ್ತಿದ್ದರಂತೆ, ಮಾಟಕ್ಕೆ, ಮದ್ದಿಗೆ.
ಮುಚ್ಚಳ ಹಾಕಿ ಕೀಲಿ ಜಡಿಯುತ್ತಿದ್ದರು."
ನಗುತ್ತ ಹೇಳಿದರು. ನಾನೂ ನಕ್ಕೆ.
ಬಟ್ಟೆ ಹಿಂಡುವಾಗ ಮಾತ್ರ ಕೈ ಯಾಕೋ ತಡೆಯಿತು.

ಗದಗಿನ ಆಚೆ, ಎರೆಹೊಲದ ನಡುವೆ, ನಮ್ಮ ಮುತ್ತ್ಯಾನ ಊರಲ್ಲಿ
ಬಾವಿಗೆ ಕೀಲಿ ಇರಲಿಲ್ಲ. ಕಣ್ಣುಗಳಿದ್ದವು.
ಮೆಟ್ಟಿಲ ಕೆಳಗೆ ಕೊಡ ಇಟ್ಟು ದೂರ ನಿಂತರೆ
ಯಾರಿಗಾದರೂ ಮನಸ್ಸು ಬಂದಾಗ ಮೇಲಿಂದ ಸುರಿಯುವರು,
ಕೊಡಕ್ಕೆ ಕೊಡ ತಾಗದ ಹಾಗೆ.
ಅರ್ಧ ನೀರು ನೆಲಕ್ಕೆ.
ಕೆಂಚ್ಯಾ ಅಂತ ಅವನ ಹೆಸರು. ಕೆಂಚಪ್ಪ ಅನ್ನುವಷ್ಟು
ತ್ರಾಣ ಯಾರ ಬಾಯಲ್ಲೂ ಇರಲಿಲ್ಲ.

ದೀಕ್ಷಾಸ್ನಾನದ ದಿನ ಹೇಗಿತ್ತು ಮುತ್ತ್ಯಾ ಅಂತ ಕೇಳಿದರೆ:
"ನೀರೇನು, ಮೂರು ಹನಿ ಬಿದ್ದಿರಬೇಕು.
ತಲಿ ಮ್ಯಾಲ ಅಯ್ಯನೋರು ಕೈ ಇಟ್ಟ್ರು, ಯವ್ವಾ. ಇಟ್ಟೋರು ತಗೀಲೇ ಇಲ್ಲ.
ನಾ ಎಣಿಸಿದ್ನಿ. ಹನ್ನೊಂದರ ಮಟ ಎಣಿಸಿದ್ನಿ.
ಆಮ್ಯಾಲ ಲೆಕ್ಕ ತಪ್ತು."

ಸಮುವೇಲ ಆಗಿ ಎದ್ದ, ಊರಿಗೆ ಮರಳಿದ.
ಊರು ಕರೆಯಿತು: ಏ ಕೆಂಚ್ಯಾ!
ಚೀಲ ಜೋಳಕ್ಕೆ ಕುಲ ಮಾರಿದ ಅಂದರು,
ಹಿಡಿ ಜೋಳವನ್ನೂ ಎಂದೂ ಕೊಡದಿದ್ದವರು.

ಈ ಚಳಿಗಾಲ ಇಲ್ಲಿಗೆ ಒಬ್ಬ ಬಂದ. ಸಿಯಾವಶ್.
ಇರಾನಿನ ಅಬಾದಾನಿನವನು, ಬೆಸುಗೆ ಕೆಲಸದವನು,
ಈ ದೇಶದಲ್ಲಿ ಬೆಸೆಯಲು ಅಪ್ಪಣೆ ಇಲ್ಲದವನು.
ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂರುತ್ತಾನೆ.
ದೀಕ್ಷೆ ಬೇಕೆಂದ. ಅಷ್ಟಕ್ಕೇ, ಆರಾಧನೆ ಮುಗಿದ ಮೇಲೆ
ಬಿಸ್ಕತ್ತಿನ ತಟ್ಟೆಯ ಸುತ್ತ ಪಿಸುಮಾತು:
ಕಾಗದಪತ್ರಕ್ಕಾಗಿ ಅಲ್ಲವೇ ಇದೆಲ್ಲ?
ನನ್ನ ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು.
ಜೋಳ, ಅಂದುಕೊಂಡೆ. ಅದೇ ಜೋಳ.

ಕಚೇರಿಯಲ್ಲಿ ಅವನನ್ನು ಕೂರಿಸಿ ಕೇಳಿದರಂತೆ:
ಲೆಂಟ್ ಎಷ್ಟು ದಿನ? ಹನ್ನೆರಡು ಶಿಷ್ಯರ ಹೆಸರು?
ಒಂಬತ್ತು ಹೇಳಿದ.
ತೊಟ್ಟಿಲಲ್ಲೇ ದೀಕ್ಷೆ ಆದವಳು ನಾನು,
ಮನೆಗೆ ಹೋಗುವ ಬಸ್ಸಿನಲ್ಲಿ ಬೆರಳು ಮಡಿಚಿದೆ.
ಎಂಟಕ್ಕೆ ನಿಂತೆ.
ನನ್ನನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ನಾನು ಯಾವುದರಿಂದ ಕ್ರೈಸ್ತಳು?
ರಿಜಿಸ್ಟರಿನಲ್ಲಿ ಮಾಸಿದ ನೀಲಿ ಶಾಯಿಯಿಂದಲೋ,
ನೆನಪೇ ಇಲ್ಲದ ನೀರಿನಿಂದಲೋ,
ಹನ್ನೊಂದರ ಮಟ ಎಣಿಸಿದವನ ಮೊಮ್ಮಗಳಾದ್ದರಿಂದಲೋ?
ಗೊತ್ತಿಲ್ಲ. ಎದ್ದು ಕೆಟಲ್ ಇಟ್ಟೆ.

ಈಸ್ಟರಿನ ಹಿಂದಿನ ರಾತ್ರಿ, ನದಿಯ ಕಡೆಯಿಂದ ಕೆಸರಿನ ವಾಸನೆ,
ಕಲ್ಲು ಹಿಮದ ಹಾಗೆ ಕೊರೆಯುತ್ತಿತ್ತು.
ನಾಲ್ಕು ಕೆಟಲ್ ಬಿಸಿನೀರು ಬೆರೆಸಿ
ಕೂಸಿಗೆ ನೋಡುವ ಹಾಗೆ ಮೊಣಕೈ ಅದ್ದಿ ನೋಡಿದೆ.
ಹಿಲರಿಯಮ್ಮ ಮೂರು ಸಲ ಸುರಿದರು.
ನೀರು ಗಡ್ಡದಿಂದ ಕಾಲರಿನೊಳಕ್ಕೆ ಇಳಿಯಿತು.
ಸಾಕ್ಷಿಗೆ ನಿಂತವಳ ಕೈ ಅವನ ಹೆಗಲ ಮೇಲೆ.
ಇನ್ನು ತೆಗೆಯಬಹುದು ಎಂದು ಅವರು ಕಣ್ಣಲ್ಲೇ ಅಂದರು.
ನಾನು ಎಣಿಸುತ್ತಿದ್ದೆ.

ಕಚೇರಿಯಿಂದ ಕಾಗದ ಇನ್ನೂ ಬಂದಿಲ್ಲ.
ಬುಧವಾರ ಬಂದು ಅವನೇ ಬಟ್ಟೆ ಹಿಡಿದ.
ಅಂಚಿನ ತೂತಿಗೆ ಬೆರಳಿಟ್ಟು ತಿರುಗಿಸಿ ನೋಡಿದ,
ಕಬ್ಬಿಣ ಬಲ್ಲವನು.
"ಒಡೆದದ್ದಲ್ಲ" ಅಂದ. "ಯಾರೋ ನಿಧಾನವಾಗಿ ಬಿಡಿಸಿದ್ದಾರೆ.
ಕಲ್ಲಿಗೆ ನೋವಾಗದ ಹಾಗೆ."

ಬೂಚು ಎಳೆದೆ.
ಈ ತೊಟ್ಟಿಯ ನೀರು ಚರಂಡಿಗೆ ಹೋಗುವುದಿಲ್ಲ,
ನೇರ ಕೆಳಗಿನ ಮಣ್ಣಿಗೆ.
ಗುಳುಗುಳು ಸದ್ದು ಮುಗಿಯುವ ತನಕ
ಇಬ್ಬರೂ ಬಗ್ಗಿ ಕೇಳಿಸಿಕೊಂಡೆವು.